ನಾದಿನಿಯ ಎಲೆ, ನನ್ನ ಬೂದಿ

ನನ್ನ ನಾದಿನಿಯ ಪ್ರದರ್ಶನಕ್ಕೆ ಬಂದವರಿಗೆಲ್ಲ ಬಾಗಿಲಲ್ಲಿ ನಿಂತು ಪೇಢೆ ಹಂಚಿದವಳು ನಾನು. ಧಾರವಾಡದಿಂದ ತರಿಸಿದ ಪೇಢೆ. ನಿಮ್ಮ ನಾದಿನಿ ದೊಡ್ಡ ಕಲಾವಿದೆ ನೋಡ್ರಿ ಎಂದು ಒಬ್ಬೊಬ್ಬರೂ ಮರಾಠಿಯಲ್ಲಿ ಹೇಳಿ ಒಳಗೆ ಹೋಗುತ್ತಿದ್ದರು, ನಾನು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಕಿಚ್ಚು ನಡೆಯುತ್ತಿತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವ ವಯಸ್ಸು ನನ್ನದಲ್ಲ.

ಇಪ್ಪತ್ತಾರು ವರ್ಷಗಳಿಂದ ಮಣ್ಣಿನ ಕೆಲಸ ಮಾಡುತ್ತಿರುವವಳು ನಾನು. ಪುಣೆಯ ಭೋಸರಿಯಲ್ಲಿ ನನ್ನದೊಂದು ಶೆಡ್ಡು ಇದೆ. ಎಡಕ್ಕೆ ಲೇತ್ ಮಷಿನ್ನಿನ ಗದ್ದಲ, ಬಲಕ್ಕೆ ಬಣ್ಣ ಹೊಡೆಯುವವರ ವಾಸನೆ, ನಡುವೆ ನಾನು, ನನ್ನ ತಿಗರಿ, ನನ್ನ ಗ್ಯಾಸ್ ಭಟ್ಟಿ. ಚಹಾದ ಕಪ್ಪು, ಉಪ್ಪಿನಕಾಯಿ ಬರಣಿ, ಹೋಟೆಲಿನವರಿಗೆ ತಾಟು ಬಟ್ಟಲು. ಪುಣೆಯಲ್ಲಿ ಎಷ್ಟು ಮನೆಗಳಲ್ಲಿ ಜನ ಬೆಳಿಗ್ಗೆ ಎದ್ದು ನನ್ನ ಕಪ್ಪಿನಲ್ಲಿ ಚಹಾ ಕುಡಿಯುತ್ತಾರೋ ನನಗೇ ತಿಳಿಯದು. ಆದರೆ ಒಂದು ಸಲವೂ ಯಾರೂ ನನ್ನನ್ನು ಕಲಾವಿದೆ ಎನ್ನಲಿಲ್ಲ. ನಮ್ಮ ಮನೆಯವರಂತೂ ಯಾರಾದರೂ ಕೇಳಿದರೆ, ಆಕಿದೊಂದು ಕಪ್ಪು ಬಸಿಯ ಕಾರ್ಖಾನೆ ಅದ, ಎಂದು ನಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ನಾದಿನಿ ಎಂದರೆ ನಮ್ಮ ಮನೆಯವರ ತಂಗಿ, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮದುವೆ ಬೇಡ ಎಂದವಳು, ಬೇಡ ಎಂದದ್ದಕ್ಕೆ ಎಂದೂ ಕೊರಗದವಳು. ಇಲ್ಲಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದಳು. ಕೋಥ್ರೂಡಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲೇ ಅವಳ ಮನೆ. ನಿವೃತ್ತಿಯಾದ ಮೇಲೆ ಹೊತ್ತು ಹೋಗುವುದಿಲ್ಲ ಎಂದಾಗ, ನನ್ನ ಜೊತೆ ಶೆಡ್ಡಿಗೆ ಬಾ ಎಂದವಳು ನಾನೇ. ಮಣ್ಣು ನಾದುವುದನ್ನು ಕಲಿಸಿದವಳೂ ನಾನೇ. ಮೊದಲ ವರ್ಷ ಅವಳು ಮಾಡಿದ ಬಟ್ಟಲುಗಳು ಅಡ್ಡಾದಿಡ್ಡಿಯಾಗಿದ್ದವು, ನಾನು ಬಹಳ ಸಂತೋಷದಿಂದ ತಿದ್ದುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದೆವು. ಆ ದಿನಗಳಲ್ಲಿ ನಮ್ಮಷ್ಟು ಅನ್ಯೋನ್ಯವಾದ ನಾದಿನಿ ವೈನಿ, ಎಂದರೆ ನಾದಿನಿ ಅತ್ತಿಗೆ, ಪುಣೆಯಲ್ಲೇ ಇರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಎರಡನೇ ವರ್ಷ ಅವಳು ಬಟ್ಟಲು ಬಿಟ್ಟು ಎಲೆ ಹಿಡಿದಳು. ಕಾಲೇಜುಗಳಲ್ಲಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಟ್ಟಿರುತ್ತಾರಲ್ಲ, ಅಂಥ ಹಾಳೆಗಳನ್ನು ಬಿಳಿ ಪಿಂಗಾಣಿ ಮಣ್ಣಿನಲ್ಲಿ ಮಾಡಲು ಶುರು ಮಾಡಿದಳು. ಮಣ್ಣನ್ನು ಚಪಾತಿಯ ಹಾಗೆ ಲಟ್ಟಿಸುವುದು, ಅದರ ಮೇಲೆ ನಿಜವಾದ ಎಲೆ ಇಟ್ಟು ಒತ್ತುವುದು. ಭಟ್ಟಿಯಲ್ಲಿ ಎಲೆ ಸುಟ್ಟುಹೋಗುತ್ತದೆ, ನರಗಳ ಗುರುತು ಮಾತ್ರ ಉಳಿಯುತ್ತದೆ. ಸಿಕ್ಕ ಸಿಕ್ಕ ಎಲೆಯನ್ನೆಲ್ಲ ಒತ್ತುತ್ತಿರಲಿಲ್ಲ. ಇಂಗ್ಲಿಷರು ತೋಟ ಹಾಕಿದ ಗಿಡಗಳೇ ಬೇಕು. ಚಹಾ, ಕಾಫಿ, ರಬ್ಬರು, ನೀಲಿ, ಜ್ವರದ ಔಷಧದ ಸಿಂಕೋನಾ. ಅವಳ ಹಳೆಯ ವಿದ್ಯಾರ್ಥಿಗಳು ನೀಲಗಿರಿಯಿಂದ, ಅಸ್ಸಾಮಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ಕಬ್ಬಿನ ಗರಿಗೆ ಮಾತ್ರ ನನ್ನನ್ನೂ ಕರೆದುಕೊಂಡು ಬಾರಾಮತಿಗೆ ತಾನೇ ಹೋಗಿ ಬಂದಳು. ಅಲ್ಲಿನ ಕಾಲುವೆ ಸಾಹೇಬರ ಕಾಲದ್ದು, ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಜೋಳ ಹೋಯಿತು ಎಂದು ದಾರಿಯುದ್ದಕ್ಕೂ ನನಗೆ ಪಾಠ ಮಾಡಿದಳು. ಸಿಂಕೋನಾ ತೊಗಟೆ ಸುಲಿಯುತ್ತಿದ್ದ ಕೂಲಿಗಳೇ ಚಳಿಜ್ವರದಲ್ಲಿ ನಡುಗುತ್ತಿದ್ದರಂತೆ. ಔಷಧ ಡಬ್ಬಿಯೊಳಗೆ ಬೇರೆ ಕಡೆ ಹೋಗುತ್ತಿತ್ತಂತೆ.

ಹಳೆಯ ಹಾಳೆಗಳ ಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಗಿಡದ ಹೆಸರು ಇರುತ್ತದೆ, ಸಂಗ್ರಹಿಸಿದ ಸಾಹೇಬನ ಹೆಸರು ಇರುತ್ತದೆ. ಮರ ಹತ್ತಿ ಕಿತ್ತು ತಂದ ಆಳಿನ ಹೆಸರು ಇರುವುದಿಲ್ಲ. ನಾದಿನಿ ತನ್ನ ಮಣ್ಣಿನ ಚೀಟಿಯಲ್ಲಿ ಆ ಜಾಗಕ್ಕೆ ಒಂದು ಹೆಬ್ಬೆಟ್ಟಿನ ಗುರುತು ಒತ್ತಬೇಕೆಂದು ಯೋಚಿಸಿದ್ದಳು. ತೋಟದ ಕರಾರಿಗೆ ಕೂಲಿಗಳು ಒತ್ತುತ್ತಿದ್ದದ್ದು ಹೆಬ್ಬೆಟ್ಟನ್ನೇ ತಾನೆ. ಇದನ್ನು ಅವಳು ಹೇಳಿದ ದಿನ ನಾನು ಮೂವತ್ತಾರು ಸೂಪ್ ಬಟ್ಟಲುಗಳಿಗೆ ಹಿಡಿ ಅಂಟಿಸುತ್ತಿದ್ದೆ. ಒಳ್ಳೆಯದಿದೆ ಎಂದೆ. ಅದು ನಿಜವಾಗಿಯೂ ಒಳ್ಳೆಯದಿತ್ತು, ಅದೇ ನನಗೆ ತಡೆಯಲಾಗದ್ದು. ಇಪ್ಪತ್ತಾರು ವರ್ಷ ಇದೇ ಮಣ್ಣು ನನ್ನ ಕೈಯಲ್ಲಿತ್ತು, ನನಗೆ ಹೊಳೆದದ್ದು ಹಿಡಿ ಮಾತ್ರ.

ಕೋರೆಗಾಂವ್ ಪಾರ್ಕಿನ ಒಂದು ಗ್ಯಾಲರಿಯವರು ಮಾದರಿ ನೋಡಿ ಪ್ರದರ್ಶನಕ್ಕೆ ಒಪ್ಪಿದರು. ನಮ್ಮ ಮನೆಯವರು ಊರಿಗೆಲ್ಲ ಫೋನ್ ಮಾಡಿದರು. ಹುಬ್ಬಳ್ಳಿ, ಬೆಳಗಾವಿ, ಗದಗ, ಎಲ್ಲ ಕಡೆಗೆ. ನಮ್ಮ ತಂಗಿ, ನಮ್ಮ ತಂಗಿ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಆ ಸ್ವರದಲ್ಲಿ ನಮ್ಮಾಕೆ ಎಂದು ಒಮ್ಮೆಯಾದರೂ ಅಂದದ್ದು ನನಗೆ ನೆನಪಿಲ್ಲ. ಆ ವಾರ ಸಾರಿಗೆ ಎರಡು ಸಲ ಉಪ್ಪು ಹೆಚ್ಚಾಯಿತು. ಬೇಕೆಂದು ಹಾಕಲಿಲ್ಲ, ಆದರೆ ಆದದ್ದಕ್ಕೆ ಬೇಜಾರೂ ಆಗಲಿಲ್ಲ.

ಆಗ ಅವಳು ನನ್ನ ಹಸಿರನ್ನು ಕೇಳಿದಳು.

ಈ ಹಸಿರಿನ ಬಗ್ಗೆ ಹೇಳಬೇಕು. ದೌಂಡದ ಆಚೆ ಒಂದು ಬೆಲ್ಲದ ಗಾಣವಿದೆ. ಅಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ, ಒಣ ಗರಿಯ ರವದಿ, ಜಾಲಿ ಕಟ್ಟಿಗೆ ಎಲ್ಲ ಉರಿಯುತ್ತದೆ. ಆ ಬೂದಿಯನ್ನು ಚೀಲದಲ್ಲಿ ತುಂಬಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ತರುತ್ತಿದ್ದೆ. ಅದರಿಂದ ನಾನು ಒಂದು ಗ್ಲೇಜು ಮಾಡಿದ್ದೇನೆ, ಎಂದರೆ ಮಣ್ಣಿನ ಮೇಲೆ ಗಾಜಿನ ಹೊಳಪು ಕೊಡುವ ಲೇಪ. ಬೂದಿ, ಬಿಳಿ ಮಣ್ಣು, ಕಲ್ಲಿನ ಪುಡಿ, ಅಳತೆ ಬದಲಿಸಿ ಬದಲಿಸಿ ಒಂಬತ್ತು ವರ್ಷ ತೆಗೆದುಕೊಂಡೆ. ಭಟ್ಟಿ ತೆರೆದಾಗ ಎಷ್ಟೋ ಸಲ ಕೆಸರಿನ ಬಣ್ಣ, ಎಷ್ಟೋ ಸಲ ಗುಳ್ಳೆ. ಕೊನೆಗೊಂದು ದಿನ ಬಂತು, ಕಬ್ಬಿನ ಸುಳಿಯ ಎಳೆ ಹಸಿರು, ನರದ ಗೆರೆಗಳಲ್ಲಿ ನಿಂತು ಗಾಢವಾಗುವ ಹಸಿರು. ಈ ಊರಿನಲ್ಲಿ ಅದು ಇನ್ನೊಬ್ಬರ ಬಳಿ ಇಲ್ಲ. ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ.

ಇಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ನಮ್ಮ ಕಡೆಯ ಹೆಂಗಸರು ಇಲ್ಲ ಎನ್ನುವುದಿಲ್ಲ. ನಮ್ಮ ಅವ್ವನ ಮಸಾಲೆ ಖಾರಕ್ಕೆ ಧಾರವಾಡದ ಓಣಿಯಲ್ಲೆಲ್ಲ ಹೆಸರಿತ್ತು. ಯಾರು ಕೇಳಿದರೂ ಕೂರಿಸಿ, ಚಹಾ ಕೊಟ್ಟು, ಮೆಣಸಿನಕಾಯಿ ಎಷ್ಟು, ಕೊತ್ತಂಬರಿ ಎಷ್ಟು, ಕೊಬ್ಬರಿ ಎಷ್ಟು ಎಂದು ಬೆರಳು ಮಡಚಿ ಹೇಳುತ್ತಿದ್ದಳು. ಕಲ್ಲುಹೂವನ್ನು ಮಾತ್ರ ಬಿಡುತ್ತಿದ್ದಳು. ಅವರು ಮನೆಯಲ್ಲಿ ಮಾಡಿ, ನಿಮ್ಮ ರುಚಿ ಬರಲಿಲ್ಲ ಎಂದು ಬಂದರೆ, ಕೈಗುಣವಪ್ಪಾ ಎಂದು ನಗುತ್ತಿದ್ದಳು. ಎಲ್ಲ ಮನೆಗಳಲ್ಲೂ ಹೀಗೇ. ಯಾರ ಮಸಾಲೆಯೂ ಪೂರ್ತಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ.

ನಾನೂ ನಾದಿನಿಯನ್ನು ಕೂರಿಸಿ ಹೇಳಿದೆ. ಅವಳು ಮೇಷ್ಟರ ಅಭ್ಯಾಸದಂತೆ ವಹಿ ತೆಗೆದು ಬರೆದುಕೊಂಡಳು. ಅಳತೆಯೆಲ್ಲ ಸರಿಯಾಗಿಯೇ ಹೇಳಿದೆ. ಬೂದಿಯನ್ನು ಮೊದಲು ಮೂರು ಸಲ ನೀರಿನಲ್ಲಿ ತೊಳೆದು, ತಿಳಿಯನ್ನು ಚೆಲ್ಲಿ, ಒಣಗಿಸಿಕೊಳ್ಳಬೇಕು ಎಂಬುದನ್ನು ಬಿಟ್ಟೆ. ತೊಳೆಯದ ಬೂದಿ ಭಟ್ಟಿಯಲ್ಲಿ ಗುಳ್ಳೆ ಏಳುತ್ತದೆ, ಹಸಿರು ಬರುವುದಿಲ್ಲ. ಬರುವುದಿಲ್ಲ, ಆಗ ನನ್ನ ಬಳಿ ಬಂದು, ವೈನೀ, ನಿಮ್ಮ ಕೈಗುಣಾನ ಬೇರೆ, ಅನ್ನುತ್ತಾಳೆ. ಅಷ್ಟು ಕೇಳಬೇಕಿತ್ತು ನನಗೆ. ಅಷ್ಟೇ.

ತೊಳೆಯದ ಬೂದಿಯ ನೀರು ಚರ್ಮ ಸುಡುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಿಂದಿನವರು ಅದೇ ನೀರಿನಲ್ಲಿ ಬಟ್ಟೆ ಕುದಿಸುತ್ತಿದ್ದರು. ಕೋಲಿನಿಂದ ಕಲಸಿಕೊಳ್ಳುತ್ತಾಳೆ, ಕೈ ಹಾಕುವುದಿಲ್ಲ ಎಂದುಕೊಂಡೆನೋ, ಆ ಕಡೆಗೆ ಯೋಚನೆಯನ್ನೇ ಬಿಡಲಿಲ್ಲವೋ, ಎಷ್ಟು ಕೆದಕಿದರೂ ನನಗೇ ಸರಿಯಾಗಿ ಸಿಗುವುದಿಲ್ಲ.

ಶ್ರಾವಣದ ಎರಡು ದಿನ ಅವಳು ಶೆಡ್ಡಿನ ಮೂಲೆಯಲ್ಲಿ ಕೂತು ಆ ಬೂದಿಯ ರಾಡಿಯನ್ನು ಜರಡಿಯಲ್ಲಿ ಬರಿಗೈಯಿಂದ ತಿಕ್ಕಿ ತಿಕ್ಕಿ ಸೋಸಿದಳು. ಗಿಡದ ಜೊತೆ ಬದುಕಿದವಳು, ಏನನ್ನೇ ಆಗಲಿ ಕೈಯಿಂದ ಮುಟ್ಟಿಯೇ ನೋಡಬೇಕು. ಮೊದಲ ದಿನ, ಕೈ ಸಾಬೂನು ಹಚ್ಚಿದಂಗ ಜಾರ್ತಾವಲ್ರಿ, ಎಂದಳು. ನಾನು ತಿಗರಿಯಿಂದ ಕಣ್ಣೆತ್ತದೆ ಹ್ಞೂಂ ಎಂದೆ. ಎರಡನೇ ದಿನ ಸಂಜೆಗೆ ಕೈ ಕೆಂಪಾಯಿತು, ಬೆಳಿಗ್ಗೆ ಬಾತುಕೊಂಡಿತು, ಬೆರಳ ತುದಿಯ ಚರ್ಮ ಸುಲಿಯಿತು. ಡಾಕ್ಟರ ಬಳಿ ಕರೆದುಕೊಂಡು ಹೋದದ್ದು ನಾನು. ಅವರು ಮುಲಾಮು ಹಚ್ಚಿ ಎರಡೂ ಕೈಗೆ ಬ್ಯಾಂಡೇಜು ಸುತ್ತಿದರು. ಏನು ಮುಟ್ಟಿದಿರಿ ಎಂದು ಕೇಳಿದಾಗ, ನಂದ ತಪ್ಪು, ಬೂದಿಯೊಳಗ ಕೈ ಹಾಕಿದ್ದೆ, ಎಂದು ಅವಳೇ ಹೇಳಿದಳು. ನಾನು ಪಕ್ಕದ ಕುರ್ಚಿಯಲ್ಲಿ ಅವಳ ಪರ್ಸು ಹಿಡಿದು ಕೂತಿದ್ದೆ.

ಮೂರು ವಾರ ಅವಳ ಕೈಗೆ ಕೆಲಸವಿರಲಿಲ್ಲ. ನಾನೇ ಅನ್ನ ಕಲಸಿ ತುತ್ತು ಕೊಡುತ್ತಿದ್ದೆ, ತಲೆ ಬಾಚುತ್ತಿದ್ದೆ. ನಮ್ಮ ಮನೆಯವರು, ನಿನ್ನಂಥ ವೈನಿ ಆಕಿಗೆ ಸಿಕ್ಕಿದ್ದು ಪುಣ್ಯ, ಎಂದರು. ಇಷ್ಟು ವರ್ಷ ಕಾದ ಹೊಗಳಿಕೆ ಎಂಥ ಹೊತ್ತಿನಲ್ಲಿ ಬಂತು ನೋಡಿ. ಹೇಳಿಬಿಡೋಣ ಎಂದು ದಿನಾಲೂ ಅನ್ನಿಸುತ್ತಿತ್ತು. ಅವಳು ಬಾಯಿ ತೆರೆದು ತುತ್ತಿಗೆ ಕಾಯುತ್ತಿದ್ದಾಗ ಹೇಳಲು ಆಗುತ್ತಿರಲಿಲ್ಲ, ಉಂಡಾದ ಮೇಲೆ ಹೇಳುವ ಧೈರ್ಯ ಇಳಿಯುತ್ತಿತ್ತು.

ಕೈ ವಾಸಿಯಾಯಿತು. ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ನುಣ್ಣಗೆ ಬಂದಿತ್ತು, ಹೆಬ್ಬೆಟ್ಟಿನಲ್ಲಿ ಗೆರೆಯೇ ಇಲ್ಲ. ಗೆರೆ ಮತ್ತೆ ಮೂಡಲು ಸಮಯ ಬೇಕು ಎಂದರು ಡಾಕ್ಟರು. ಪ್ರದರ್ಶನಕ್ಕೆ ನಲವತ್ತು ಹಾಳೆ ಆಗಬೇಕು, ಪ್ರತಿ ಹಾಳೆಯ ಚೀಟಿಗೂ ಒಂದು ಹೆಬ್ಬೆಟ್ಟು ಬೇಕು.

"ವೈನೀ, ನಿಮ್ಮ ಹೆಬ್ಬಟ್ಟು ಕೊಡ್ರಿ," ಎಂದಳು.

ಕೊಟ್ಟೆ. ನಲವತ್ತು ಸಲ ಒತ್ತಿದೆ. ಮಣ್ಣಿನಲ್ಲಿ ಉಜ್ಜಿ ಉಜ್ಜಿ ನನ್ನ ಗೆರೆಗಳೂ ಸವೆದಿವೆ, ಆಧಾರ್ ಯಂತ್ರ ನನ್ನನ್ನು ಒಪ್ಪಿಕೊಳ್ಳಲು ನಾಲ್ಕು ಸಲ ತಕರಾರು ಮಾಡುತ್ತದೆ. ಹಿಂಗ ಸವದದ್ದ ಬೇಕು, ಎಂದಳು ನಾದಿನಿ, ಬಹಳ ಸಂತೋಷದಿಂದ. ಹಾಳೆಯ ಹಿಂದೆ ಅವಳ ಸಹಿ, ಮುಂದೆ ಹೆಸರಿಲ್ಲದ ಆಳಿನ ಜಾಗದಲ್ಲಿ ನನ್ನ ಹೆಬ್ಬೆಟ್ಟು. ಎಂಥ ಹೊಟ್ಟೆ ಉರಿಯಿತೆಂದರೆ, ಅವಳ ಕೈ ಸುಟ್ಟದ್ದು ನನ್ನಿಂದ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಅನ್ಯಾಯವಾದದ್ದು ನನಗೇ ಅನ್ನಿಸಿತು.

ಗ್ಲೇಜು ಹಾಕಿದ್ದೂ ನಾನೇ. ನಿನ್ನ ಕೈ ಇನ್ನೂ ಮೆತ್ತಗಿದೆ, ನಾನು ಮಾಡುತ್ತೇನೆ ಎಂದು ಸಂಕ್ರಾಂತಿ ಆದ ಮೇಲೆ ಒಬ್ಬಳೇ ಕೂತು ಮಾಡಿದೆ. ಬೂದಿಯನ್ನು ಮೂರು ಸಲ ತೊಳೆದೆ, ಗ್ಲೋವ್ಸ್ ಹಾಕಿಕೊಂಡೆ, ಅವಳು ಮನೆಯಲ್ಲಿದ್ದ ದಿನ ನೋಡಿ ಮಾಡಿದೆ. ಪಾಪಪ್ರಜ್ಞೆ ಅರ್ಧ, ಉಳಿದರ್ಧ ಜಂಬ. ಭಟ್ಟಿ ತೆರೆದಾಗ ಚಹಾದ ಎಲೆ, ಸಿಂಕೋನಾದ ಎಲೆ, ಕಬ್ಬಿನ ಗರಿ, ಒಂದೊಂದರ ನರದಲ್ಲೂ ನನ್ನ ಹಸಿರು ನಿಂತಿತ್ತು. ನೋಡಿ ನನ್ನ ಕಣ್ಣಲ್ಲೇ ನೀರು ಬಂತು. ಅವಳ ಕಣ್ಣಲ್ಲೂ ಬಂತು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಅತ್ತೆವು ಎಂದು ಆಗ ತಿಳಿದುಕೊಂಡಿದ್ದೆ.

ಹೋಳಿ ಆದ ಮರುವಾರ ಪ್ರದರ್ಶನ ತೆರೆಯಿತು. ನಲವತ್ತು ಬಿಳಿ ಹಾಳೆಗಳು ಬಿಳಿ ಗೋಡೆಯ ಮೇಲೆ. ಜನ ಮಾತಾಡದೆ ನೋಡುತ್ತಿದ್ದರು. ಪತ್ರಿಕೆಯವಳೊಬ್ಬಳು ಬಂದು ಇದು ಮಾಡುವಾಗ ಕಷ್ಟವಾಯಿತೇ ಎಂದು ಕೇಳಿದಳು, ನಾದಿನಿ ಕೈ ಸುಟ್ಟುಕೊಂಡದ್ದನ್ನು ಯಾರೋ ಹೇಳಿಬಿಟ್ಟರು. ಮುಗಿಯಿತು. ನಾದಿನಿಯ ಎರಡು ಕೈಗಳ ಫೋಟೋ ತೆಗೆದರು, ಮುಂದೆ ಹಿಂದೆ ತಿರುಗಿಸಿ. ಮರುದಿನ ಮರಾಠಿ ಪತ್ರಿಕೆಯಲ್ಲಿ ತೋಟದ ಕೂಲಿಗಳ ನೋವನ್ನು ತನ್ನ ಕೈಯಲ್ಲೇ ಅನುಭವಿಸಿದ ಕಲಾವಿದೆ ಎಂದು ಬಂತು. ನನ್ನ ಕೈಗಳು ಇಪ್ಪತ್ತಾರು ವರ್ಷದಿಂದ ಒಡೆದಿವೆ, ಚಳಿಗಾಲದಲ್ಲಿ ರಕ್ತ ಬರುತ್ತದೆ. ಯಾರೂ ಫೋಟೋ ತೆಗೆದಿಲ್ಲ. ನಾನು ಸುಟ್ಟ ಗಾಯಕ್ಕೂ ಕೀರ್ತಿ ಅವಳಿಗೇ ಹೋಯಿತಲ್ಲ ಎಂದು ಆ ದಿನವೂ ಬಾಗಿಲಲ್ಲಿ ಪೇಢೆಯ ಪೆಟ್ಟಿಗೆ ಹಿಡಿದುಕೊಂಡೇ ಉರಿದುಕೊಂಡೆ. ಆಡುವ ಮಾತಲ್ಲ ಇದು, ಆದರೆ ಆದದ್ದು ಹಾಗೆ.

ಹೆಬ್ಬೆಟ್ಟು ಯಾರದು ಎಂದು ಯಾರು ಕೇಳಿದರೂ ಅವಳು ನನ್ನನ್ನು ಕರೆದು ತೋರಿಸುತ್ತಿದ್ದಳು. ಹಸಿರು ಯಾರದು ಎಂದರೂ ನನ್ನ ಕಡೆ ಕೈ ಮಾಡುತ್ತಿದ್ದಳು. ಜನ ನನಗೆ ನಮಸ್ಕಾರ ಮಾಡಿ ಮತ್ತೆ ಅವಳ ಕಡೆ ತಿರುಗುತ್ತಿದ್ದರು.

ಕೊನೆಯ ದಿನ ಮಧ್ಯಾಹ್ನ ನಾವಿಬ್ಬರೂ ಹಾಳೆಗಳನ್ನು ಇಳಿಸಿ ಪ್ಯಾಕು ಮಾಡುತ್ತಿದ್ದೆವು. ಮಣ್ಣಿನ ಕೆಲಸ ಕಲಿಯುತ್ತಿರುವ ಹುಡುಗಿಯೊಬ್ಬಳು ಓಡಿಬಂದಳು, ಸೋಲಾಪುರದವಳಂತೆ. ಇದೇ ಹಸಿರು ತಾನೂ ಮಾಡಿನೋಡಬೇಕು, ವಿಧಾನ ಹೇಳುತ್ತೀರಾ ಎಂದು ನಾದಿನಿಯನ್ನು ಕೇಳಿದಳು. ನಾದಿನಿ ಸುತ್ತುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. ಅದು ನಮ್ಮ ವೈನಿಯದು, ಅವರನ್ನು ಕೇಳು, ಅವರು ಎಲ್ಲ ಹೇಳುತ್ತಾರೆ ಎಂದಳು ಮರಾಠಿಯಲ್ಲಿ.

ಹುಡುಗಿ ಪುಸ್ತಕ ತೆರೆದು ನನ್ನ ಮುಂದೆ ಕೂತಳು. ಎಳೆಯ ಕೈಗಳು, ಉಗುರಿನಲ್ಲಿ ಮಣ್ಣು. ನಾನು ಅಳತೆ ಹೇಳಿದೆ. ಬೂದಿಯ ಜಾಗಕ್ಕೆ ಬಂದು ನಿಂತೆ. ಬಿಟ್ಟುಬಿಟ್ಟರೆ ಇವಳೂ ಕೈ ಹಾಕುತ್ತಾಳೆ. ಹೇಳಿದರೆ ಪಕ್ಕದಲ್ಲಿ ಕೂತವಳಿಗೆ ಏಳು ತಿಂಗಳ ಹಿಂದೆ ನಾನು ಏನು ಬಿಟ್ಟೆ ಎಂದು ತಿಳಿಯುತ್ತದೆ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಬೂದಿಯನ್ನು ಮೂರು ಸಲ ತೊಳೆಯಬೇಕು, ತಿಳಿಯನ್ನು ಚೆಲ್ಲಬೇಕು, ಗ್ಲೋವ್ಸ್ ಇಲ್ಲದೆ ಮುಟ್ಟಲೇಬಾರದು, ಚರ್ಮ ಸುಡುತ್ತದೆ ಎಂದೆ. ಅವಳು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ನನ್ನ ಕಾಲು ಮುಟ್ಟಿ ಹೋದಳು.

ನಾನು ನಾದಿನಿಯ ಕಡೆ ನೋಡಲಿಲ್ಲ. ಟೇಪು ಹರಿಯುವ ಸದ್ದು ನಿಂತಿತು.

"ಇಷ್ಟು ಹೇಳಾಕ ಏಳು ತಿಂಗಳು ಬೇಕಾತೇನ್ರಿ ವೈನಿ?" ಎಂದಳು.

ನಿನಗೆ ಯಾವಾಗ ತಿಳಿಯಿತು ಎಂದೆ.

"ಬ್ಯಾಂಡೇಜ್ ಕಟ್ಟಿಸ್ಕೊಂಡು ಬಂದ ದಿನಾನ. ಎರಡೂ ಅಂಗೈ ನಡುವ ಹಿಡದು ಕೆಂಪು ಲಿಟ್ಮಸ್ ಪೇಪರ್ ಆ ರಾಡಿಯೊಳಗ ಅದ್ದಿದೆ, ಒಮ್ಮೆಲೇ ನೀಲಿ ಆತು, ಬೂದಿ ತೊಳೀಬೇಕಿತ್ತು ಅಂತ ತಿಳೀತು. ಮೊದಲ ನೀವು ಮರತೀರಿ ಅಂತ ತಿಳ್ಕೊಂಡೆ. ಮರುದಿನ ಅನ್ನಾ ಕಲಸಿ ಕೊಡೂ ಮುಂದ ನಿಮ್ಮ ಮಾರಿ ನೋಡಿದೆ. ಮರತಿದ್ದಿಲ್ಲ ನೀವು."

ಮತ್ತೆ ಯಾಕೆ ಕೇಳಲಿಲ್ಲ ಎಂದೆ. ಕೇಳಿದ್ದರೆ ನೀವು ಏನಾದರೊಂದು ಹೇಳುತ್ತಿದ್ದಿರಿ, ನೀವಾಗಿಯೇ ಹೇಳಲಿ ಎಂದು ಕಾದೆ ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ.

"ತಪ್ಪಾತವ್ವಾ," ಎಂದೆ.

ನಮ್ಮಲ್ಲಿ ಯಾರಾದರೂ ಹೀಗೆಂದರೆ, ಇರ್ಲಿ ಬಿಡ್ರಿ, ಎನ್ನುವುದು ರೂಢಿ. ಎಂಥ ದೊಡ್ಡ ತಪ್ಪಿಗೂ ಅನ್ನುತ್ತಾರೆ, ಒಳಗೆ ಇರಲಿ ಬಿಡಲಿ. ನಾನೂ ಅದಕ್ಕೇ ಕಾದೆ.

"ಹೌದ್ರಿ, ತಪ್ಪಾತು," ಎಂದಳು ನಾದಿನಿ. ಟೇಪು ಮತ್ತೆ ಹರಿಯಿತು. ಕಬ್ಬಿನ ಹಾಳೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇಬ್ಬರೂ ಹಿಡಿದು ಪೆಟ್ಟಿಗೆಯೊಳಗೆ ಇಳಿಸಿದೆವು.

ನಾಚಿಕೆ ಆಗಬೇಕಿತ್ತು. ಆಯಿತು, ಆದರೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ. ಅಲ್ಲಿ, ಆ ಪೆಟ್ಟಿಗೆಗಳ ನಡುವೆ, ಮೊದಲು ಬಂದದ್ದು ಅದಲ್ಲ. ಎಲ್ಲ ಗೊತ್ತಿದ್ದೂ ಇವಳು ಏಳು ತಿಂಗಳು ನನ್ನ ಎದುರಿಗೆ ಕೂತು ಉಂಡಳು, ನನ್ನ ಹೆಬ್ಬೆಟ್ಟು ಕೇಳಿದಳು, ನನ್ನ ಹಸಿರನ್ನು ಎಲ್ಲರೆದುರು ಹೊಗಳಿದಳು, ಒಂದು ದಿನವೂ ಮುಖ ಕೆಡಿಸಿಕೊಳ್ಳಲಿಲ್ಲ. ನನ್ನ ಕೈಯಲ್ಲಿ ಏಳು ದಿನವೂ ಆಗುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.